ಧಾರವಾಡದ ಮುಸುವಗಳು

ಧಾರವಾಡವೆಂದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಮೊದಲು ನೆನಪಾಗುವುದು ಪೇಢೆ, ಆಮೇಲೆ ಮಳೆ, ಆಮೇಲೆ ಬೇಂದ್ರೆಯವರು, ಮಲ್ಲಿಕಾರ್ಜುನ ಮನಸೂರರು. ಆದರೆ ವಾನರಗಳ ಬದುಕನ್ನು ಅಭ್ಯಾಸ ಮಾಡುವ ವಿಜ್ಞಾನಿಗಳಿಗೆ, ಅವರು ಜಪಾನಿನವರಿರಲಿ ಅಮೆರಿಕದವರಿರಲಿ, ಧಾರವಾಡವೆಂದರೆ ಮುಸುವಗಳ ಊರು. ಕರಿ ಮೂತಿ, ಬೂದು ಮೈ, ಉದ್ದ ಬಾಲದ ಈ ಪ್ರಾಣಿಯನ್ನೇ ನಾವಿರುವ ದೆಹಲಿಯಲ್ಲಿ ಲಂಗೂರ್ ಎನ್ನುತ್ತಾರೆ. ‘ಮಂಗ್ಯಾ’ ಎಂದು ಬೈಸಿಕೊಳ್ಳದೆ ಬೆಳೆದ ಹುಡುಗ ಧಾರವಾಡದಲ್ಲಿ ಸಿಗಲಾರ. ಅದೇ ಮಂಗ್ಯಾಗಳು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿದ ಇತಿಹಾಸ ಮಾತ್ರ ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಕಥೆ ಆರಂಭವಾಗುವುದು ಜಪಾನಿನಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದ ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು 1948ರಿಂದ ತಮ್ಮ ನಾಡಿನ ಕೋತಿಗಳನ್ನು ಹೊಸದೊಂದು ಕ್ರಮದಲ್ಲಿ ಗಮನಿಸತೊಡಗಿದರು. ಗುಂಪಿನ ಒಂದೊಂದು ಕೋತಿಯನ್ನೂ ಮುಖದಿಂದ ಗುರುತು ಹಿಡಿಯುವುದು, ಅದಕ್ಕೊಂದು ಹೆಸರಿಡುವುದು, ತಾಯಿ ಯಾರು, ಒಡಹುಟ್ಟಿದವರು ಯಾರು ಎಂದು ವರ್ಷಗಟ್ಟಲೆ ಬರೆದಿಡುವುದು, ಇದು ಅವರ ಪದ್ಧತಿ. ಬಿ.ಎಸ್ಸಿ. ಓದುವಾಗ ಕಪ್ಪೆ, ಜಿರಳೆಗಳನ್ನು ಕೊಯ್ದು ನೋಡಿ ಅದನ್ನೇ ಪ್ರಾಣಿಶಾಸ್ತ್ರವೆಂದು ತಿಳಿದಿದ್ದ ನಮಗೆ, ಜೀವಂತ ಪ್ರಾಣಿಯ ಮನೆವಾರ್ತೆಯನ್ನು ದಿನಚರಿಯಂತೆ ದಾಖಲಿಸುವ ಈ ವಿಧಾನ ಅಚ್ಚರಿ ತರುತ್ತದೆ. ಕಡತಗಳ ನಡುವೆ ದಿನ ಕಳೆಯುವ ಗುಮಾಸ್ತರಿಗೆ ತುಸು ಆತ್ಮೀಯವೂ ಎನಿಸುತ್ತದೆ.

ಇದೇ ಪರಂಪರೆಯ ಯುಕಿಮಾರು ಸುಗಿಯಾಮ 1961ರಲ್ಲಿ ಜಪಾನ್-ಭಾರತ ಜಂಟಿ ಸಂಶೋಧನೆಯ ಅಂಗವಾಗಿ ಧಾರವಾಡಕ್ಕೆ ಬಂದರು. ಕೆಂಜಿ ಯೋಶಿಬ ಮತ್ತು ನಮ್ಮವರೇ ಆದ ಎಂ. ಡಿ. ಪಾರ್ಥಸಾರಥಿಯವರು ಅವರ ಸಂಗಡ ಕೆಲಸ ಮಾಡಿದರು. ಊರಿನ ಪಶ್ಚಿಮಕ್ಕೆ ಹೊಲಗದ್ದೆಗಳು ಮುಗಿದು ತೇಗದ ಕಾಡು ತೊಡಗುವ ಸೀಮೆಯಲ್ಲಿ, 1963ರವರೆಗೆ, ಮುಸುವಗಳ ಬೆನ್ನು ಹತ್ತಿ ನಡೆದರು.

ಅದಕ್ಕೆ ಮುನ್ನ ಅಮೆರಿಕದ ಫಿಲಿಸ್ ಜೇ ಎಂಬವರು ಉತ್ತರ ಮತ್ತು ಮಧ್ಯ ಭಾರತದಲ್ಲಿ ಮುಸುವಗಳನ್ನು ಅಭ್ಯಸಿಸಿ, ಇವು ಸಾಮಾನ್ಯವಾಗಿ ಶಾಂತ ಸ್ವಭಾವದವು ಎಂದು ಬರೆದಿದ್ದರು. ಧಾರವಾಡದಲ್ಲಿ ಕಂಡ ಚಿತ್ರ ಬೇರೆ. ಇಲ್ಲಿನ ಹೆಚ್ಚಿನ ಗುಂಪುಗಳಲ್ಲಿ ಬೆಳೆದ ಗಂಡು ಒಂದೇ. ಉಳಿದವು ಹೆಣ್ಣುಗಳು ಮತ್ತು ಮರಿಗಳು. ಗುಂಪಿನಲ್ಲಿ ಜಾಗ ಸಿಗದ ಗಂಡುಗಳು ತಮ್ಮದೇ ತಂಡ ಕಟ್ಟಿಕೊಂಡು ಅಲೆಯುತ್ತಿದ್ದವು. 1962ರಲ್ಲಿ ಇಂಥದೊಂದು ಗಂಡುಗಳ ತಂಡ ಒಂದು ಗುಂಪಿನ ಮೇಲೆ ಎರಗಿ ಯಜಮಾನನನ್ನು ಓಡಿಸಿತು. ಬಳಿಕ ಅವುಗಳಲ್ಲೇ ಒಂದು ಗಂಡು ಉಳಿದವನ್ನು ಅಟ್ಟಿ ತಾನೊಬ್ಬನೇ ಯಜಮಾನನಾಯಿತು. ಮುಂದೆ ನಡೆದದ್ದು ಯಾರೂ ನಿರೀಕ್ಷಿಸದ್ದು: ಹೊಸ ಯಜಮಾನ ಗುಂಪಿನ ಎಳೆಯ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದನ್ನೇ ಕೂಡಿದವು.

ಸುಗಿಯಾಮ ಇಷ್ಟಕ್ಕೆ ನಿಲ್ಲಲಿಲ್ಲ. ಇನ್ನೊಂದು ಗುಂಪಿನ ಏಕೈಕ ಗಂಡನ್ನು ಹಿಡಿದು ದೂರ ಮಾಡಿ ನೋಡಿದರು. ಹೊರಗಿನಿಂದ ಬೇರೊಂದು ಗಂಡು ಬಂತು. ಅಲ್ಲಿಯೂ ಮರಿಗಳು ಸತ್ತವು. ಈ ವರದಿಗಳು 1965 ಮತ್ತು 1966ರಲ್ಲಿ ಪ್ರಕಟವಾದವು.

ವಿದ್ವಾಂಸರು ಸುಲಭಕ್ಕೆ ಒಪ್ಪಲಿಲ್ಲ. ಪ್ರಾಣಿಗಳು ತಮ್ಮ ಕುಲದ ಹಿತಕ್ಕಾಗಿ ನಡೆಯುತ್ತವೆಂಬುದು ಅಂದಿನ ಸಾಮಾನ್ಯ ನಂಬಿಕೆ. ಮರಿಗಳನ್ನು ಕೊಲ್ಲುವುದು ಕುಲಹಿತ ಹೇಗಾದೀತು? ಇದು ಜನಸಂದಣಿಯಿಂದ ಕೆಟ್ಟ ಮಂಗಗಳ ವಿಕೃತಿಯೆಂದು ಕೆಲವರು ಹೇಳಿದರು. ಅಷ್ಟರಲ್ಲಿ ಜೋಧಪುರದ ಎಸ್. ಎಂ. ಮೊಹ್ನೋತ್ ಅವರು 1971ರಲ್ಲಿ ಅಂಥದೇ ಘಟನೆಗಳನ್ನು ವರದಿ ಮಾಡಿದರು. ಅದೇ ವರ್ಷ ಹಾರ್ವರ್ಡಿನ ವಿದ್ಯಾರ್ಥಿನಿ ಸಾರಾ ಹರ್ಡಿ ಮೌಂಟ್ ಅಬುವಿಗೆ ಬಂದರು. ಸಂದಣಿಯೇ ಕಾರಣವಿರಬೇಕೆಂದು ಎಣಿಸಿ ಬಂದವರು ಆ ಎಣಿಕೆಯನ್ನು ಕೈಬಿಡಬೇಕಾಯಿತು. ಅವರ ವಿವರಣೆ ಹೀಗೆ: ಹಾಲೂಡಿಸುತ್ತಿರುವ ತಾಯಿ ಬೇಗ ಮತ್ತೆ ಗರ್ಭ ಧರಿಸುವುದಿಲ್ಲ. ಹೊಸ ಯಜಮಾನನಿಗೂ ತನ್ನ ಪದವಿ ಎಷ್ಟು ದಿನವೋ ತಿಳಿಯದು. ಪರರ ಮರಿಯನ್ನು ಕೊಂದರೆ ತನ್ನ ಸಂತಾನ ಬೇಗ ಹುಟ್ಟುತ್ತದೆ. ಮಂಗ ಹೀಗೆ ಲೆಕ್ಕ ಹಾಕುತ್ತದೆಂದು ಅರ್ಥವಲ್ಲ. ಅಂಥ ನಡತೆಯ ಗಂಡುಗಳ ಸಂತತಿ ಹೆಚ್ಚಿ ಆ ನಡತೆಯೂ ಉಳಿಯಿತು. ಹೆಣ್ಣುಗಳೂ ಸುಮ್ಮನಿರಲಿಲ್ಲ. ಮುದಿ ಹೆಣ್ಣುಗಳು ಸಹ ಮರಿಗಳನ್ನು ಉಳಿಸಲು ಗಂಡಿನ ಮೇಲೆ ಬೀಳುವುದನ್ನು ಹರ್ಡಿ ಕಂಡರು. ಅವರ ಪುಸ್ತಕ 1977ರಲ್ಲಿ ಹೊರಬಂತು. ವಾದ ಮಾತ್ರ ಇಪ್ಪತ್ತು ವರ್ಷ ನಡೆಯಿತು. ಕಡೆಗೆ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂದಾಗ, ಮರಿಗಳ ಮೇಲೆ ಎರಗಿದ ಗಂಡುಗಳು ಅವುಗಳ ತಂದೆಯಲ್ಲವೆಂಬುದು ಸ್ಪಷ್ಟವಾಯಿತು.

ಇದನ್ನೆಲ್ಲ ತಿಳಿದು ಆಗಬೇಕಾದ್ದೇನೆಂದು ವಾಚಕರು ಕೇಳಬಹುದು. ವನ್ಯಜೀವಿಗಳನ್ನು ಉಳಿಸುವ ಕೆಲಸಕ್ಕೂ ಇದಕ್ಕೂ ನೇರ ಸಂಬಂಧವಿದೆ. ಆಫ್ರಿಕಾದ ಸಿಂಹಗಳಲ್ಲೂ ಹೀಗೆಯೇ ನಡೆಯುವುದೆಂದು 1970ರ ದಶಕದಲ್ಲಿ ಕಂಡುಬಂತು. ಬೇಟೆಗಾರನು ಒಂದು ಗಂಡು ಸಿಂಹವನ್ನು ಹೊಡೆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾವು. ಕಾಡಿನಲ್ಲಿ ಹೊಸ ಗಂಡುಗಳು ಬಂದು ಮರಿಗಳನ್ನೂ ಕೊಂದರೆ ಸಾವು ಹಲವು. ಎಷ್ಟು ಪ್ರಾಣಿಗಳಿವೆ ಎಂಬ ಎಣಿಕೆ ಮಾತ್ರ ಸಾಲದು, ಅವು ಯಾರೊಡನೆ ಹೇಗೆ ಬಾಳುತ್ತವೆ ಎಂಬುದೂ ತಿಳಿದಿರಬೇಕು.

ಈ ಮಾತು ನಮ್ಮ ದೆಹಲಿಗೂ ಸಲ್ಲುತ್ತದೆ. ಇಲ್ಲಿನ ಕಚೇರಿಗಳ ಮೊಗಸಾಲೆಯಲ್ಲಿ, ಸರ್ಕಾರಿ ವಸತಿಗಳ ತಾರಸಿಯಲ್ಲಿ ಕಾಟ ಕೊಡುವುದು ಮುಸುವವಲ್ಲ, ಕೆಂಪು ಮೂತಿಯ ರೀಸಸ್ ಕೋತಿ. ಅದನ್ನು ಹೆದರಿಸಲು ಮುಸುವವನ್ನು ಹಗ್ಗ ಕಟ್ಟಿ ತರುತ್ತಿದ್ದ ಕಾಲವೊಂದಿತ್ತು. ಮುಸುವ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. 2012ರಲ್ಲಿ ಸರ್ಕಾರ ಈ ಪದ್ಧತಿಯನ್ನು ತಡೆಯಿತು. ಆಮೇಲೆ ಮುಸುವದಂತೆ ಕೂಗುವ ಮನುಷ್ಯರನ್ನೇ ಕೆಲಸಕ್ಕಿಟ್ಟುಕೊಂಡದ್ದು ನಮಗೆಲ್ಲ ಗೊತ್ತಿದೆ. 2007ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಕೋತಿಗಳನ್ನು ಹಿಡಿದು ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸುವ ಏರ್ಪಾಡೂ ಆಯಿತು. ಆದರೂ ಕಾಟ ತಪ್ಪಿಲ್ಲ.

ರೀಸಸ್ ಕೋತಿಯ ಸಂಸಾರ ಧಾರವಾಡದ ಮುಸುವದಂಥದಲ್ಲ. ಅದರ ಗುಂಪಿನಲ್ಲಿ ಗಂಡುಗಳು ಹಲವು, ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆವರೆಗೆ ಇರುತ್ತವೆ. ಆದ್ದರಿಂದ ಒಂದರ ಪಾಠವನ್ನು ಮತ್ತೊಂದಕ್ಕೆ ಹಾಗೆಯೇ ಅಂಟಿಸಲಾಗದು. ಆದರೆ ಸಿಕ್ಕಿದ ಕೋತಿಯನ್ನು ಬೋನಿಗೆ ಹಾಕಿ ಸಾಗಿಸುವ ಮೊದಲು ಅದು ಯಾವ ಗುಂಪಿನದು, ಅದು ಹೋದ ಮೇಲೆ ಗುಂಪಿನ ಗತಿಯೇನು ಎಂದು ನೋಡುವವರು ಬೇಕು. ನಾವು ಕಾಲೊನಿಯವರು ಅರ್ಜಿ ಬರೆಯುವಾಗ ‘ಕೋತಿಗಳನ್ನು ಹಿಡಿದೊಯ್ಯಿರಿ’ ಎಂಬುದರ ಜೊತೆಗೆ ಕಸ ಸಾಗಿಸಿರಿ, ಕೋತಿಗೆ ತಿನಿಸು ಹಾಕುವುದನ್ನು ತಡೆಯಿರಿ ಎಂದೂ ಬರೆಯುವುದು ಒಳ್ಳೆಯದು.

ರಜೆಗೆ ಧಾರವಾಡಕ್ಕೆ ಹೋಗುವ ಬಂಧುಗಳು ಮಕ್ಕಳನ್ನು ಕರೆದೊಯ್ದು ಮರದ ಮೇಲಿನ ಮುಸುವಗಳನ್ನು ತೋರಿಸಲಿ. ಕಡಲೆಕಾಯಿ ಎಸೆಯುವುದು ಬೇಡ. ದೂರ ಕುಳಿತು, ಗಂಡು ಯಾವುದು, ತಾಯಿ ಯಾವುದು, ಮರಿ ಯಾರ ಮಡಿಲಲ್ಲಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಸುಗಿಯಾಮ ಅಲ್ಲಿ ಮಾಡಿದ ಕೆಲಸ ಶುರುವಾದದ್ದೂ ಅಷ್ಟರಿಂದಲೇ.