ಯಾರೂ ಉಳದ ಹೊಲ

ನಾಸಿಕದ ಹೊರವಲಯದ ತ್ರಿರಶ್ಮಿ ಬೆಟ್ಟದಲ್ಲಿ ಪಾಂಡವಲೇಣಿ ಗುಹೆಗಳಿವೆ. ಅಲ್ಲಿನ ಮೂರನೆಯ ಗುಹೆಯ ಗೋಡೆಯ ಮೇಲೆ ಸುಮಾರು 1,900 ವರ್ಷ ಹಳೆಯ ಎರಡು ರಾಜಾಜ್ಞೆಗಳನ್ನು ಓದಬಹುದು. ಮೊದಲನೆಯದು ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಆಳ್ವಿಕೆಯ 18ನೇ ವರ್ಷದ್ದು. ಅಪರ ಕಖಡಿ ಎಂಬ ಹಳ್ಳಿಯಲ್ಲಿ 200 ನಿವರ್ತನ ಹೊಲವನ್ನು ಸನ್ಯಾಸಿಗಳಿಗೆ ಕೊಡಬೇಕೆಂದು ಗೋವರ್ಧನದ ಅಮಾತ್ಯ ವಿಷ್ಣುಪಾಲಿತನಿಗೆ ಅಪ್ಪಣೆಯಾಗಿದೆ. ಆಜ್ಞೆಯನ್ನು ಬಾಯಿಮಾತಿನಲ್ಲಿ ಕೊಟ್ಟದ್ದು, ಅಮಾತ್ಯ ಶಿವಗುಪ್ತ ಬರೆದದ್ದು, ತಾಪಸ ಎಂಬವನು ಜಾರಿ ಮಾಡಿದ್ದು, ಎಲ್ಲವೂ ದಿನಾಂಕದೊಂದಿಗೆ ದಾಖಲಾಗಿದೆ.

ಎರಡನೆಯದು 24ನೇ ವರ್ಷದ್ದು. ಅರಸನ ಜೊತೆಗೆ ಅವನ ತಾಯಿಯ ಹೆಸರಿನಲ್ಲೂ ಹೊರಟದ್ದು. ಹಿಂದೆ ಕಖಡಿಯಲ್ಲಿ ಕೊಟ್ಟ ಹೊಲವನ್ನು ಯಾರೂ ಉಳುತ್ತಿಲ್ಲ, ಆ ಹಳ್ಳಿಯಲ್ಲಿ ಜನವಸತಿಯೂ ಇಲ್ಲ. ಆದ್ದರಿಂದ ಊರಿನ ಗಡಿಯಲ್ಲಿರುವ ರಾಜಭೂಮಿಯಿಂದ 100 ನಿವರ್ತನ ಕೊಡಿ ಎನ್ನುತ್ತದೆ ಅದು.

ಮೊದಲ ಆಜ್ಞೆಯಲ್ಲಿ ಕ್ರಮದ ಲೋಪವಿರಲಿಲ್ಲ. ಎಲ್ಲ ಕೈಗಳನ್ನೂ ದಾಟಿ ಬಂದ ಕಾಗದ ಸರಿಯಾಗಿಯೇ ಇತ್ತು. ಹೊಲ ಮಾತ್ರ ಪಾಳುಬಿದ್ದಿತ್ತು.

ಶಾತವಾಹನರ ರಾಜಧಾನಿಯಾಗಿದ್ದ ಪ್ರತಿಷ್ಠಾನ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ. ಅದೇ ಊರಿನಲ್ಲಿ 1584ರಲ್ಲಿ ಸಂತ ಏಕನಾಥರು ಇನ್ನೊಂದು ಬಗೆಯ ಪರಿಶೀಲನೆ ಮುಗಿಸಿದರು. 1290ರಲ್ಲಿ ರಚನೆಯಾದ ಜ್ಞಾನೇಶ್ವರಿ ಮೂರು ಶತಮಾನಗಳಲ್ಲಿ ಕೈಯಿಂದ ಕೈಗೆ ಪ್ರತಿಯಾಗುತ್ತಾ ಪಾಠಾಂತರಗಳಿಂದ ಕಲುಷಿತವಾಗಿತ್ತು. ಏಕನಾಥರು ಪಾಠವನ್ನು ಶುದ್ಧಗೊಳಿಸಿದರು. ಇನ್ನು ಮುಂದೆ ಯಾರೂ ತಮ್ಮ ಓವಿಗಳನ್ನು ಇದರಲ್ಲಿ ಸೇರಿಸಕೂಡದು ಎಂದೂ ಎಚ್ಚರಿಸಿದರು. ಚೆಂದದ ಓವಿ ಕಟ್ಟಬಲ್ಲವರು ಬಹಳ ಮಂದಿ ಇದ್ದರು. ಅದು ಈ ಗ್ರಂಥಕ್ಕೆ ಸೇರಿದ್ದೇ ಎಂದು ಹೇಳಬಲ್ಲವರು ವಿರಳ.

ತಂತ್ರಾಂಶ ಲೋಕ ಈ ಕೆಲಸಕ್ಕೆ ಶಿಸ್ತು ತಂದದ್ದು 1976ರಲ್ಲಿ. ಐಬಿಎಂನ ಮೈಕೇಲ್ ಫೇಗನ್ ಕೋಡ್ ತಪಾಸಣೆಯ ವಿಧಾನವನ್ನು ಪ್ರಕಟಿಸಿದರು. ಸಭೆ ನಡೆಸುವವರು, ವಿನ್ಯಾಸಕಾರರು, ಕೋಡ್ ಬರೆದವರು, ಪರೀಕ್ಷಕರು ಒಟ್ಟಿಗೆ ಕೂತು ಸಾಲು ಸಾಲಾಗಿ ನೋಡುವ ಪದ್ಧತಿ ಅದು. 2008ರಲ್ಲಿ ಗಿಟ್‌ಹಬ್ ಬಂದ ಮೇಲೆ ಸಭೆ ಕರಗಿ ಪುಲ್ ರಿಕ್ವೆಸ್ಟ್ ಬಂತು. ಬೆಂಗಳೂರಿನಲ್ಲಿ ಬರೆದದ್ದನ್ನು ನಾಸಿಕದಲ್ಲಿ ಕೂತು ಒಪ್ಪಬಹುದಾಯಿತು. ಆದರೂ ಒಂದು ಸಂಗತಿ ಬದಲಾಗಿರಲಿಲ್ಲ. 'ಇದನ್ನೇಕೆ ಹೀಗೆ ಮಾಡಿದೆ?' ಎಂದು ಕೇಳಿದರೆ ಉತ್ತರಿಸಲು ಬರೆದವರು ಇರುತ್ತಿದ್ದರು.

2021ರ ಜೂನ್‌ನಲ್ಲಿ ಕೋಪೈಲಟ್ ಪ್ರಾಯೋಗಿಕವಾಗಿ ಬಂತು, ಮರುವರ್ಷ ಎಲ್ಲರಿಗೂ ಸಿಕ್ಕಿತು. 2025ರ ಹೊತ್ತಿಗೆ ಕೋಡ್ ಬರೆಯುವುದಷ್ಟೇ ಅಲ್ಲದೆ ಅದನ್ನು ಪರಿಶೀಲಿಸುವ ಸೌಲಭ್ಯವೂ ಅದರಲ್ಲೇ ಸೇರಿತು. ಗೂಗಲ್‌ನ ಡೋರಾ ತಂಡದ 2024ರ ವರದಿ ಇದರ ಎರಡೂ ಮುಖಗಳನ್ನು ತೋರಿಸುತ್ತದೆ. ಎಐ ಅಳವಡಿಕೆ ಶೇ. 25ರಷ್ಟು ಹೆಚ್ಚಿದಲ್ಲಿ ಕೋಡ್ ಪರಿಶೀಲನೆಯ ವೇಗ ಶೇ. 3.1ರಷ್ಟು ಏರಬಹುದು, ಬಿಡುಗಡೆಯ ಸ್ಥಿರತೆ ಶೇ. 7.2ರಷ್ಟು ಇಳಿಯಬಹುದು ಎಂಬುದು ಅದರ ಅಂದಾಜು. ಸುಲಭವಾಗಿ ಸಿಗುವ ಕೋಡ್‌ನಿಂದ ಒಂದೊಂದು ಬದಲಾವಣೆಯ ಗಾತ್ರವೂ ಹಿಗ್ಗುತ್ತಿರಬಹುದು ಎಂದು ವರದಿ ಊಹಿಸುತ್ತದೆ.

ಬರವಣಿಗೆ ಅಗ್ಗವಾದಾಗ ಓದು ದುಬಾರಿಯಾಗುತ್ತದೆ. ಯಂತ್ರ ಕೊಟ್ಟ ಕೋಡ್ ನೋಡಲು ಅಚ್ಚುಕಟ್ಟು. ಹೆಸರುಗಳು ಸರಿ, ಟಿಪ್ಪಣಿಗಳು ಸರಿ, ಪರೀಕ್ಷೆಗಳೂ ಪಾಸು. ಹಿಂದೆಲ್ಲ ಒರಟು ಸಾಲೊಂದು ಕಂಡರೆ ಪರಿಶೀಲಕರು ಅಲ್ಲಿ ನಿಲ್ಲುತ್ತಿದ್ದರು. ಈಗ ಆ ಸುಳಿವೂ ಅಳಿಸಿದೆ. ಅದರ ಜೊತೆಗೆ, ಹಿರಿಯರ ಟೀಕೆಗಳನ್ನು ಓದಿ ಓದಿ ಕಸುಬು ಕಲಿಯುತ್ತಿದ್ದ ಕಿರಿಯರಿಗೆ ಆ ಪಾಠವೂ ತೆಳುವಾಗುತ್ತಿದೆ. ಕೋಡ್ ಬರೆದದ್ದೂ ಯಂತ್ರ, ನೋಡಿದ್ದೂ ಯಂತ್ರ ಎಂದಾದರೆ ಒಪ್ಪಿಗೆಯ ಗುಂಡಿ ಒತ್ತುವ ಮನುಷ್ಯನ ಹೆಸರಿಗೆ ಇರುವ ಅರ್ಥವೇನು?

ಪಾಂಡವಲೇಣಿಯ ಎರಡನೆಯ ಶಾಸನದಲ್ಲೂ ಹೆಸರುಗಳಿವೆ: ಪ್ರತಿಹಾರಿ ಲೋಟಾ, ಜಾರಿಗೆ ತಂದ ಸುಜೀವಿ. ಹಳೆಯ ದಾನವನ್ನು ಅಳಿಸದೆ, ಅದು ಏಕೆ ಫಲಿಸಲಿಲ್ಲ ಎಂಬ ಕಾರಣವನ್ನು ಅದು ಕಲ್ಲಿನಲ್ಲೇ ಹೇಳಿದೆ. ಆ ಕಾರಣ ಮೊದಲ ಆಜ್ಞೆಯನ್ನು ಎಷ್ಟು ಸಲ ತಿರುವಿ ಓದಿದರೂ ಸಿಗುವಂಥದ್ದಲ್ಲ. ಹೊಲವನ್ನು ಕಂಡವರೇ ಅದನ್ನು ಹೇಳಬೇಕಿತ್ತು.