ಎಣಿಸುವುದೋ, ತೂಗುವುದೋ?



ಕಳೆದ ಕ್ರಿಸ್ಮಸ್‌ಗೆ ನಾವು ನಡೆಸಿದ ಗೋದಲಿ ಸ್ಪರ್ಧೆ ನಿಮಗೆ ನೆನಪಿರಬಹುದು. ಮನೆಯಲ್ಲಿ ಕಟ್ಟಿದ ಗೋದಲಿಯ ಫೋಟೋ ಕಳಿಸಿ, ನಾವು ಪೇಜಿಗೆ ಹಾಕುತ್ತೇವೆ, ಹೆಚ್ಚು ಲೈಕ್ ಬಂದವರಿಗೆ ಬಹುಮಾನ. ನಿಯಮ ಇಷ್ಟೇ. ತೀರ್ಪುಗಾರರನ್ನು ಕೂರಿಸಿದರೆ 'ಅವರ ವಾಳೆಯವರಿಗೇ ಕೊಟ್ಟರು' ಎಂಬ ಮಾತು ಬರುತ್ತದೆ, ಲೈಕ್ ಲೆಕ್ಕವಾದರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ ಎಂದು ಸಭೆಯಲ್ಲಿ ವಾದಿಸಿದವರೂ ನಾವೇ. ಮೊದಲ ಬಹುಮಾನದ ಗೋದಲಿಗೆ 412 ಲೈಕ್ ಬಂತು. ಅದರ ಲಿಂಕ್ ದುಬೈ, ಕುವೈತಿನ ನೆಂಟರ ಗ್ರೂಪುಗಳಲ್ಲೆಲ್ಲ ಸುತ್ತಿತ್ತು. ಅವರದ್ದೇನೂ ತಪ್ಪಿಲ್ಲ, ಹಾಗೆ ಮಾಡಬಾರದೆಂದು ನಾವು ಹೇಳಿರಲೇ ಇಲ್ಲ. ಅಡಿಕೆ ಹಾಳೆ, ಮುಳಿಹುಲ್ಲು, ತೆಂಗಿನ ಗರಿ ಸೇರಿಸಿ ಮೂರು ವಾರ ಕೂತು ಕಟ್ಟಿದ ಇನ್ನೊಂದು ಗೋದಲಿಗೆ ಬಂದದ್ದು 23. ಅದನ್ನು ಕಟ್ಟಿದ ಏಳನೇ ತರಗತಿಯ ಹುಡುಗ ಹೊಸ ವರ್ಷದ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಹತ್ತಿರ ನಿಂತು ಕೇಳಿದ: "ಅಣ್ಣಾ, ನಮ್ಮದನ್ನು ಯಾರೂ ನೋಡ್ಲೇ ಇಲ್ವಾ?"

'ನಮ್ಮದು ಚಂದ ಇರಲಿಲ್ವಾ' ಎಂದು ಕೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ಅವನು ಕೇಳಿದ್ದು ನೋಡಿದ್ದರ ಬಗ್ಗೆ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಮೇಲೆ ಈ ವಿಷಯ ಹುಡುಕುತ್ತಾ ಹೋದಾಗ ತಿಳಿದದ್ದು: ಜನರ ಅಭಿಪ್ರಾಯವನ್ನು ಒಂದು ಸಂಖ್ಯೆಗೆ ಇಳಿಸುವುದು ಹೇಗೆ, ಯಾರ ಮತಕ್ಕೆ ಎಷ್ಟು ಬೆಲೆ ಎಂಬ ಜಗಳ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಅದರ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ಧರ್ಮಸಭೆಯ ಒಳಗೇ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯಿಂದ ಶುರು ಮಾಡೋಣ. ಮಠದ ಮುಖ್ಯಸ್ಥನನ್ನು ಇಡೀ ಸಮುದಾಯ ಒಮ್ಮತದಿಂದ ಆರಿಸಬೇಕು. ಇಲ್ಲವೇ ಸಂಖ್ಯೆಯಲ್ಲಿ ಚಿಕ್ಕದಾದರೂ ಹೆಚ್ಚು ವಿವೇಕವಿರುವ ಭಾಗ ಆರಿಸಿದರೂ ಆದೀತು ಎಂದು ಅದರಲ್ಲಿದೆ. ಅಂದರೆ ತಲೆ ಎಣಿಸಿದರೆ ಸಾಲದು, ಆ ತಲೆಗಳಲ್ಲಿ ಏನಿದೆ ಎಂದು ತೂಗಲೂಬೇಕು. ಮುಂದೆ ಧರ್ಮಸಭೆಯ ಕಾನೂನಿನಲ್ಲಿ 'ಹೆಚ್ಚಿನವರು ಮತ್ತು ಹೆಚ್ಚು ವಿವೇಕಿಗಳು' ಎಂಬ ಮಾತು ಖಾಯಂ ಆಯಿತು. ಕೇಳಲು ಚೆನ್ನಾಗಿದೆ. ಹೆಚ್ಚಿನವರು ಯಾರೆಂದು ಎಣಿಸಿದರೆ ಗೊತ್ತಾಗುತ್ತದೆ. ವಿವೇಕಿಗಳು ಯಾರೆಂದು ಹೇಳುವವರು ಯಾರು?

ಈ ಪ್ರಶ್ನೆ 1159ರಲ್ಲಿ ರೋಮಿನಲ್ಲಿ ಸಿಡಿಯಿತು. ಆ ಸೆಪ್ಟೆಂಬರಿನಲ್ಲಿ ಪೋಪ್ 4ನೇ ಏಡ್ರಿಯನ್ ತೀರಿಕೊಂಡ ಮೇಲೆ ಕಾರ್ಡಿನಲರು ಸೇರಿದರು. ಹೆಚ್ಚಿನವರು ರೊಲಾಂಡೊ ಎಂಬವರನ್ನು ಆರಿಸಿದರು, ಅವರೇ 3ನೇ ಅಲೆಕ್ಸಾಂಡರ್. ಕೆಲವೇ ಮಂದಿ ಒಕ್ಟೇವಿಯನ್ ಎಂಬವರನ್ನು ಆರಿಸಿದರು. ಅಲೆಕ್ಸಾಂಡರರ ಕಡೆಯವರು ಬರೆದಿಟ್ಟ ಪ್ರಕಾರ, ಹೊಸ ಪೋಪರಿಗೆ ಹೊದಿಸುವ ಕೆಂಪು ನಿಲುವಂಗಿಯನ್ನು ಒಕ್ಟೇವಿಯನ್ ಕಿತ್ತುಕೊಳ್ಳಲು ಹೋದರಂತೆ. ಅದನ್ನು ಬೇರೊಬ್ಬರು ಕಸಿದುಕೊಂಡಾಗ ತಾವೇ ತಂದಿದ್ದ ಇನ್ನೊಂದನ್ನು ಗಡಿಬಿಡಿಯಲ್ಲಿ ಹಿಂದುಮುಂದಾಗಿ ತೊಟ್ಟುಕೊಂಡರಂತೆ. ಗೆದ್ದವರು ಬರೆದ ಕಥೆ, ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಮುಂದೆ ಆದದ್ದು ನಗುವ ವಿಷಯವಲ್ಲ. ಒಕ್ಟೇವಿಯನ್ 4ನೇ ವಿಕ್ಟರ್ ಎಂಬ ಹೆಸರಿಟ್ಟುಕೊಂಡರು. ನಾವು ಕಡಿಮೆ ಇರಬಹುದು, ಆದರೆ ವಿವೇಕಿಗಳು ನಾವೇ ಎಂದು ಅವರ ಕಡೆಯವರು ವಾದಿಸಿದರು. ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಅವರ ಬೆನ್ನಿಗೆ ನಿಂತ. 1160ರಲ್ಲಿ ಪಾವಿಯಾದಲ್ಲಿ ಅವನು ಕರೆಸಿದ ಸಭೆಯೂ ಹಾಗೆಯೇ ತೀರ್ಪು ಕೊಟ್ಟಿತು. ವಿಕ್ಟರ್ ತೀರಿಕೊಂಡ ಮೇಲೂ ಎದುರು ಪೋಪರು ಬರುತ್ತಲೇ ಇದ್ದರು. ಒಡಕು ಮುಚ್ಚಿದ್ದು 1177ರಲ್ಲಿ, ವೆನಿಸ್‌ನ ಒಪ್ಪಂದದಲ್ಲಿ. ಹದಿನೆಂಟು ವರ್ಷ!

ಎರಡು ವರ್ಷ ಬಿಟ್ಟು, 1179ರಲ್ಲಿ ಅಲೆಕ್ಸಾಂಡರರು ಮೂರನೇ ಲ್ಯಾಟೆರನ್ ಮಹಾಸಭೆ ಕರೆದರು. ಅಲ್ಲಿ ಬಂದ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು: ಕಾರ್ಡಿನಲರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದವರೇ ಪೋಪ್. ಯಾವ ಕಾರ್ಡಿನಲರ ಮತವೂ ಇನ್ನೊಬ್ಬರದ್ದಕ್ಕಿಂತ ಭಾರವಲ್ಲ, ವಿವೇಕದ ಪ್ರಶ್ನೆ ಕೇಳುವ ಹಾಗಿಲ್ಲ. ನಮಗೆ ಬಹಳ ಹಿಡಿಸಿದ್ದು ಅದಕ್ಕೆ ಮಹಾಸಭೆ ಕೊಟ್ಟ ಕಾರಣ. ಬೇರೆ ಧರ್ಮಸಭೆಗಳ ಚುನಾವಣೆಗಳಲ್ಲಿ ಹಳೆಯ ನಿಯಮವೇ ಇರಲಿ, ಯಾಕೆಂದರೆ ಅಲ್ಲಿ ಸಂಶಯ ಬಂದರೆ ತೀರ್ಮಾನಿಸಲು ಮೇಲಿನವರೊಬ್ಬರು ಇದ್ದಾರೆ. ರೋಮಿಗೆ ಮಾತ್ರ ಮೇಲಿನವರಿಲ್ಲ ಎಂಬುದೇ ಆ ಕಾರಣ. ತಕ್ಕಡಿ ಬೇಕಾದರೆ ಅದನ್ನು ಹಿಡಿಯುವ ಕೈ ಬೇಕು. ಕೈ ಇಲ್ಲದ ಕಡೆ ಎಣಿಸುವುದೊಂದೇ ದಾರಿ. 2025ರ ಮೇ 8ರಂದು ಬಿಳಿ ಹೊಗೆ ಕಾಯುತ್ತಾ ನಾವೆಲ್ಲ ಮೊಬೈಲ್ ನೋಡುತ್ತಾ ಕೂತಿದ್ದೆವಲ್ಲ, ಆ ದಿನ 133 ಕಾರ್ಡಿನಲರಲ್ಲಿ 89 ಮತ ಬೇಕಾದದ್ದು ಇದೇ ಲೆಕ್ಕದಿಂದ. ನಡುವೆ ಸಣ್ಣಪುಟ್ಟ ಬದಲಾವಣೆಗಳಾಗಿ ಮತ್ತೆ ಅಲ್ಲಿಗೇ ಬಂದು ನಿಂತಿದೆ.

ಎಣಿಸುವುದರಲ್ಲೂ ತೊಡಕಿದೆ ಎಂದು ಕಂಡವರು ಮಯೋರ್ಕಾ ದ್ವೀಪದ ರಾಮೊನ್ ಲುಲ್. 13ನೇ ಶತಮಾನದ ಕೊನೆಗೆ ಇವರು ಬರೆದ ಒಂದು ಕಾದಂಬರಿಯಲ್ಲಿ ಕನ್ಯಾಸ್ತ್ರೀಯರು ತಮ್ಮ ಮಠದ ಮುಖ್ಯಸ್ಥೆಯನ್ನು ಆರಿಸುವ ಪ್ರಸಂಗ ಬರುತ್ತದೆ. 1299ರಲ್ಲಿ ಇದನ್ನೇ ಒಂದು ಪುಟ್ಟ ಗ್ರಂಥವಾಗಿಯೂ ಬರೆದರು. ಅವರ ಉಪಾಯ ಸರಳ. ಎಲ್ಲರನ್ನೂ ಒಟ್ಟಿಗೆ ಮುಂದಿಟ್ಟು 'ಯಾರು ಬೇಕು' ಎಂದು ಕೇಳಬೇಡಿ. ಇಬ್ಬಿಬ್ಬರನ್ನಾಗಿ ಎದುರು ಬದುರು ನಿಲ್ಲಿಸಿ, ಇವರಿಬ್ಬರಲ್ಲಿ ಯಾರು ವಾಸಿ ಎಂದು ಕೇಳಿ. ಒಂಬತ್ತು ಮಂದಿ ಇದ್ದರೆ 36 ಜೋಡಿ. ಹೆಚ್ಚು ಜೋಡಿಗಳಲ್ಲಿ ಗೆದ್ದವರು ಆಯ್ಕೆ. ಹೀಗೆ ಮಾಡಿದರೆ ಮೂಲೆಯಲ್ಲಿ ಸುಮ್ಮನೆ ಕೂತವರನ್ನೂ ಎಲ್ಲರೂ ಒಮ್ಮೆ ನೋಡಲೇಬೇಕು, ಉಳಿದವರಿಗೆ ಹೋಲಿಸಲೇಬೇಕು.

ಲುಲ್ ಬರೆದದ್ದನ್ನು ಜರ್ಮನಿಯ ಕೂಸಾದ ನಿಕೊಲಾಸ್ ತಮ್ಮ ಕೈಯಾರೆ ನಕಲು ಮಾಡಿಟ್ಟುಕೊಂಡಿದ್ದರು. ಆ ಪ್ರತಿ ಈಗಲೂ ಅವರ ಊರಿನ ಗ್ರಂಥಾಲಯದಲ್ಲಿದೆ. ಮುಂದೆ ಕಾರ್ಡಿನಲ್ ಆದ ಇವರು 1433ರಲ್ಲಿ ಚಕ್ರವರ್ತಿಯ ಆಯ್ಕೆಗೆ ಬೇರೆ ವಿಧಾನ ಸೂಚಿಸಿದರು: ಎಲ್ಲಕ್ಕಿಂತ ಕೆಳಗಿನ ಅಭ್ಯರ್ಥಿಗೆ 1, ಅವನ ಮೇಲಿನವನಿಗೆ 2, ಹೀಗೆ ಅಂಕ ಕೊಟ್ಟು ಕೂಡಿಸುವುದು. ಅದಕ್ಕಿಂತ ಮುಖ್ಯವಾಗಿ, ಯಾರ ಚೀಟಿ ಯಾವುದೆಂದು ಗೊತ್ತಾಗದಂತೆ ಎಲ್ಲರೂ ಒಂದೇ ಬಗೆಯ ಶಾಯಿಯಲ್ಲಿ ಗುರುತು ಹಾಕಬೇಕು ಎಂದರು. ನಮ್ಮ ವಾಳೆಯಲ್ಲಿ ಗುರ್ಕಾರರನ್ನು ಆರಿಸುವಾಗ ಒಂದೇ ಪೆನ್ನು ಕೈಯಿಂದ ಕೈಗೆ ಹೋಗುತ್ತದೆ, ಅದು ನಮ್ಮಲ್ಲಿ ಪೆನ್ನು ಸಿಗದ ಕಾರಣಕ್ಕೆ. ಇವರು ಅದನ್ನು ಬೇಕೆಂದೇ ಮಾಡಿಸಿದವರು! 18ನೇ ಶತಮಾನದಲ್ಲಿ ಫ್ರಾನ್ಸಿನ ಬೋರ್ದಾ ಮತ್ತು ಕೊಂಡೋರ್ಸೆ ಈ ಎರಡು ವಿಧಾನಗಳನ್ನು ಮತ್ತೆ ಕಂಡುಹಿಡಿದರು, ಹೆಸರೂ ಅವರಿಗೇ ಹೋಯಿತು. ಜೋಡಿ ಹೋಲಿಕೆಯಲ್ಲಿ ಒಂದನ್ನು ಎರಡು, ಎರಡನ್ನು ಮೂರು, ಮೂರನ್ನು ಮತ್ತೆ ಒಂದು ಸೋಲಿಸಿ ಸುತ್ತು ಬೀಳಬಹುದು ಎಂದು 1785ರಲ್ಲಿ ತೋರಿಸಿಕೊಟ್ಟವರು ಕೊಂಡೋರ್ಸೆ.

ಇಲ್ಲಿಂದ ಒಂದು ದೊಡ್ಡ ಜಿಗಿತ. 1997ರಲ್ಲಿ ಅಮೆರಿಕದ ರಾಬ್ ಮಾಲ್ಡಾ ಸ್ಲ್ಯಾಶ್‌ಡಾಟ್ ಎಂಬ ತಾಣ ಶುರು ಮಾಡಿದಾಗ ಅದೇ ಹಳೆಯ ಪ್ರಶ್ನೆ ಎದುರಾಯಿತು. ಬರುವ ಸಾವಿರಾರು ಮಾತುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? ಮೊದಲು ಕೈಯಾರೆ ಆರಿಸಿದ 25 ಮಂದಿ ತೂಗಿದರು, ಆಮೇಲೆ 400 ಮಂದಿ. ಕೊನೆಗೆ ಬಂದದ್ದು ನ್ಯಾಯಾಲಯದ ಜ್ಯೂರಿಯಂಥ ಪದ್ಧತಿ. ನಿಯಮಿತವಾಗಿ ಓದುವವರಲ್ಲಿ ಯಾರಿಗಾದರೂ ಕೆಲವು ದಿನಗಳ ಮಟ್ಟಿಗೆ ಐದು ಅಂಕ ಕೈಗೆ ಬರುತ್ತಿತ್ತು, ಬಳಸದಿದ್ದರೆ ಹೋಗುತ್ತಿತ್ತು. ತಾನು ಮಾತಾಡಿದ ಚರ್ಚೆಯಲ್ಲಿ ತಾನೇ ಅಂಕ ಕೊಡುವಂತಿಲ್ಲ. ಯಾವ ಮಾತಿಗೂ 5ರ ಮೇಲೆ ಅಂಕವಿಲ್ಲ. ಸದಸ್ಯರ 'ಕರ್ಮ' ಎಂಬ ಲೆಕ್ಕವನ್ನು ಜನ ವಿಡಿಯೋ ಗೇಮಿನ ಸ್ಕೋರಿನ ಹಾಗೆ ಏರಿಸಲು ಹೊರಟಾಗ ಸಂಖ್ಯೆ ತೋರಿಸುವುದನ್ನೇ ಬಿಟ್ಟು 'ಉತ್ತಮ', 'ಒಳ್ಳೆಯದು' ಎಂಬಂಥ ಪದಗಳನ್ನಿಟ್ಟರು.

2004ರಲ್ಲಿ ಬಂದ ಡಿಗ್ ಎಣಿಕೆಯ ದಾರಿ ಹಿಡಿಯಿತು. ಯಾರು ಬೇಕಾದರೂ ಸುದ್ದಿ ಹಾಕಬಹುದು, ಹೆಚ್ಚು ಮತ ಬಿದ್ದದ್ದು ಮುಖಪುಟಕ್ಕೆ. ಸಂಪಾದಕರ ರಾಜ್ಯ ಮುಗಿಯಿತು ಎಂದು ಜನ ಸಂಭ್ರಮಪಟ್ಟರು. 2006ರಲ್ಲಿ ಯಾರೋ ಲೆಕ್ಕ ಹಾಕಿ ನೋಡಿದರೆ ಮುಖಪುಟದ ಸುದ್ದಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಾಕಿದವರು ಬರೀ ನೂರು ಮಂದಿ! ಅವರು ಮೋಸ ಮಾಡಿದವರೆಂದು ಹೇಳಲಾಗದು. ದಿನವಿಡೀ ಕೂತು ಕೆಲಸ ಮಾಡುತ್ತಿದ್ದರು, ಅವರಿಗೆ ನೂರಾರು ಗೆಳೆಯರಿದ್ದರು, ಗೆಳೆಯರು ಹಾಕಿದ್ದು ಗೆಳೆಯರ ಕಣ್ಣಿಗೆ ಮೊದಲು ಬೀಳುತ್ತಿತ್ತು. (412 ಲೈಕ್ ನೆನಪಾಯಿತೇ?) ಒಂದೇ ಗುಂಪಿನವರ ಮತಕ್ಕೆ ತೂಕ ಕಡಿಮೆ ಮಾಡಿ ಡಿಗ್ ಲೆಕ್ಕ ಬದಲಿಸಿದಾಗ ಆ ನೂರು ಮಂದಿಗೆ ಸಿಟ್ಟು ಬಂತು. 2007ರ ಫೆಬ್ರವರಿಯಲ್ಲಿ ಮೇಲಿನ ಸದಸ್ಯರ ಪಟ್ಟಿಯನ್ನೇ ತೆಗೆದುಹಾಕಿದರು. 2010ರಲ್ಲಿ ಇಡೀ ತಾಣವನ್ನು ಹೊಸದಾಗಿ ಮಾಡಿ ದೊಡ್ಡ ಪತ್ರಿಕೆಗಳಿಗೆ ಬಾಗಿಲು ತೆರೆದಾಗ ಸಾಮಾನ್ಯ ಸದಸ್ಯರು ಗಂಟುಮೂಟೆ ಕಟ್ಟಿ ರೆಡ್ಡಿಟ್‌ಗೆ ಹೋದರು. 2012ರಲ್ಲಿ ಕಂಪನಿಯನ್ನು ಬಿಡಿಬಿಡಿಯಾಗಿ ಮಾರಲಾಯಿತು.

ತಕ್ಕಡಿ ಹಿಡಿಯುವ ಕೈ ಇರುವಲ್ಲಿ ಇನ್ನೊಂದು ತೊಂದರೆ. ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಒಳ್ಳೆಯ ಪ್ರಶ್ನೆಗೆ ಬಿದ್ದ ಒಂದು ಮತಕ್ಕೆ 10 ಅಂಕವಿತ್ತು, 2010ರಲ್ಲಿ 5 ಆಯಿತು, 2019ರಲ್ಲಿ ಮತ್ತೆ 10. ಮತ ಹಾಕಿದವರು ಅವರೇ, ಹಾಕಿದ್ದೂ ಅದೇ ಮತ, ಅದರ ತೂಕ ಮಾತ್ರ ಬೇರೆ. ಅದಾದರೂ ಬಹಿರಂಗವಾಗಿ ಹೇಳಿ ಮಾಡಿದ್ದು. ಫೇಸ್‌ಬುಕ್ 2017ರಿಂದ ಒಂದು ಎಮೋಜಿಯನ್ನು ಐದು ಲೈಕಿಗೆ ಸಮವಾಗಿ ತೂಗುತ್ತಿತ್ತು, ಸಿಟ್ಟಿನ ಮುಖವೂ ಅದರಲ್ಲಿ ಸೇರಿತ್ತು ಎಂಬುದು ಹೊರಗಿನವರಿಗೆ ಸರಿಯಾಗಿ ಗೊತ್ತಾದದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಿದ್ದ ಮೇಲೆ.

ಬಿಎಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠಕ್ಕೆ ನಿದ್ದೆ ಮಾಡಿದ್ದಕ್ಕೆ ನಮಗೆ ಈಗ ಪಶ್ಚಾತ್ತಾಪವಾಗುತ್ತಿದೆ. ಒಬ್ಬರೇ ನೋಡಿ ಒಬ್ಬರೇ ಮೆಚ್ಚಿದರೆ ಅದು ನೂರಕ್ಕೆ ನೂರು. ನೂರು ಮಂದಿ ನೋಡಿ ತೊಂಬತ್ತು ಮಂದಿ ಮೆಚ್ಚಿದರೆ ಶೇಕಡಾ 90. ಹಾಗಾದರೆ ಮೊದಲನೆಯದೇ ಮೇಲೇ? ಎಡ್ವಿನ್ ವಿಲ್ಸನ್ ಎಂಬವರು 1927ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಉತ್ತರ ಹೇಳುತ್ತದೆ. ಸಿಕ್ಕ ಮತಗಳಿಂದ, ನಿಜವಾದ ಮೆಚ್ಚುಗೆ ಕಡಿಮೆಯೆಂದರೆ ಎಷ್ಟಿರಬಹುದು ಎಂದು ಅದು ಅಂದಾಜು ಮಾಡುತ್ತದೆ. ಶೇಕಡಾ 95ರ ಭರವಸೆಯಲ್ಲಿ ಲೆಕ್ಕ ಹಾಕಿದರೆ ಒಬ್ಬರಲ್ಲಿ ಒಬ್ಬರು ಎಂಬುದು ಸುಮಾರು ಶೇಕಡಾ 21ಕ್ಕೆ ಇಳಿಯುತ್ತದೆ, ನೂರರಲ್ಲಿ ತೊಂಬತ್ತು ಎಂಬುದು 83ರ ಹತ್ತಿರ ನಿಲ್ಲುತ್ತದೆ. 2009ರಲ್ಲಿ ರೆಡ್ಡಿಟ್ ಕಾಮೆಂಟುಗಳನ್ನು ಹೀಗೆ ಜೋಡಿಸಲು ಶುರುಮಾಡಿತು. ಇದಕ್ಕೆ ನೋಡಿ ಮೆಚ್ಚದವರ ಲೆಕ್ಕವೂ ಬೇಕು. ನಮ್ಮ ಸ್ಪರ್ಧೆಯಲ್ಲಿ ಅದು ಇರಲಿಲ್ಲ. ಲೈಕ್ ಒತ್ತದವರಲ್ಲಿ ನೋಡಿ ಬಿಟ್ಟವರೆಷ್ಟು, ನೋಡದೇ ಇದ್ದವರೆಷ್ಟು, ಗೊತ್ತಿಲ್ಲ.

ಹುಡುಗನ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಸಿಕ್ಕಿದ್ದು 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ. ಒಂದು ಸುದ್ದಿ ತಾಣದಲ್ಲಿ ಐದು ತಿಂಗಳು, 1,01,281 ಕಾಮೆಂಟುಗಳ ಮೇಲೆ ನಡೆದ ಪ್ರಯೋಗ. ಕೆಲವಕ್ಕೆ ಬಂದ ಕೂಡಲೇ, ಗುಣ ನೋಡದೆ, ಸುಮ್ಮನೆ ಒಂದು ಮೆಚ್ಚುಗೆಯ ಮತ ಹಾಕಿದರು. ಅಂಥವನ್ನು ಮೊದಲು ನೋಡಿದವರು ಮೆಚ್ಚುವ ಸಾಧ್ಯತೆ ಶೇಕಡಾ 32ರಷ್ಟು ಹೆಚ್ಚಿತು. ಕೊನೆಗೆ ಅವುಗಳ ಸರಾಸರಿ ಅಂಕ ಶೇಕಡಾ 25ರಷ್ಟು ಮೇಲೇರಿತು. ಒಂದೇ ಒಂದು ಸುಳ್ಳು ಮತ! ತಮಾಷೆಯೆಂದರೆ ಸುಮ್ಮನೆ ಹಾಕಿದ ವಿರೋಧ ಮತವನ್ನು ಜನರೇ ಸರಿಪಡಿಸಿಬಿಟ್ಟರು. ಕಾರ್ಡಿನಲ್ ನಿಕೊಲಾಸರು ಒಂದೇ ಶಾಯಿ ಬಳಸಿ ಎಂದದ್ದು ದೊಡ್ಡವರ ಬೆದರಿಕೆ ತಪ್ಪಿಸಲು. ಇಲ್ಲಿ ಬೆದರಿಸುವವರು ಯಾರೂ ಇಲ್ಲ. ಮುಂಚೆ ಬಿದ್ದ ಮತ ಕಣ್ಣಿಗೆ ಕಂಡರೆ ಸಾಕು.

ಹಾಗಾಗಿ ಈ ಬಾರಿ ಫೋಟೋ ಪೇಜಿಗೆ ಹೋಗುವುದು ಬಹುಮಾನ ಕೊಟ್ಟ ಮೇಲೆ. ಏಳು ವಾಳೆಗಳಿಂದ ಎರಡೆರಡು, ಒಟ್ಟು 14 ಗೋದಲಿ ಬಂದರೆ 91 ಜೋಡಿ, ಒಂದೊಂದು ವಾಳೆಗೆ 13. ತಮ್ಮ ವಾಳೆಯ ಗೋದಲಿ ಇರುವ ಜೋಡಿ ತಮ್ಮ ಪಾಲಿಗೆ ಬರುವುದಿಲ್ಲ, ಇದು ಸ್ಲ್ಯಾಶ್‌ಡಾಟ್‌ನಿಂದ ಕದ್ದದ್ದು. ಫೋಟೋಗಳನ್ನು ಹೆಸರಿಲ್ಲದೆ ಪ್ರಿಂಟ್ ಹಾಕಿ ಇಗರ್ಜಿಯ ಹಾಲಿನಲ್ಲಿ ಇಡುತ್ತೇವೆ, ಎಲ್ಲರಿಗೂ ಒಂದೇ ಬಗೆಯ ಪೆನ್ಸಿಲ್. ಕೊಂಡೋರ್ಸೆ ಹೇಳಿದ ಸುತ್ತು ಬಿದ್ದರೆ ಮೂವರಿಗೂ ಮೊದಲ ಬಹುಮಾನ ಹಂಚುತ್ತೇವೆ, ಫಾದರ್ ಒಪ್ಪಿದ್ದಾರೆ. 91 ಜೋಡಿಯ ಲೆಕ್ಕ ಬರೆಯಲು ಕೂರುವವರು ಯಾರು ಎಂದು ನಮ್ಮ ಗುರ್ಕಾರರು ಈಗಾಗಲೇ ಎರಡು ಸಲ ಕೇಳಿದ್ದಾರೆ. ಇಬ್ಬರು ಸಿಕ್ಕಿದ್ದಾರೆ, ಇನ್ನಿಬ್ಬರು ಬೇಕು. ಆಗಮನ ಕಾಲದ ಮೊದಲ ಭಾನುವಾರದ ಒಳಗೆ ಹೆಸರು ಕೊಡಿ. ಹಾಳೆಯ ಗೋದಲಿಯ ಹುಡುಗ ಈ ವರ್ಷ ಮಣ್ಣಿನದ್ದು ಮಾಡುತ್ತಾನಂತೆ, ಗದ್ದೆ ಬದಿಯ ಮಣ್ಣು ಈಗಲೇ ತಂದು ಒಣಗಲು ಹಾಕಿದ್ದಾನೆ.