ತೋಪು ಮತ್ತು ತೂಬು

ಕ್ರಾಂತಿಯುಗವೆಂದರೆ ಯಾವುದೆಂದು ತರಗತಿಯಲ್ಲಿ ಕೇಳಿದರೆ ಹುಡುಗರು ತಡಮಾಡದೆ ಉತ್ತರ ಕೊಡುತ್ತಾರೆ. 1776ರ ಅಮೆರಿಕ, 1789ರ ಫ್ರಾನ್ಸು, ಜೇಮ್ಸ್ ವಾಟನ ಉಗಿಯಂತ್ರ. ಇವೆಲ್ಲ ಪಾಠದಲ್ಲಿವೆ, ಪರೀಕ್ಷೆಗೂ ಬರುತ್ತವೆ. ರಾಜ್ಯಗಳು ಉರುಳುವುದು, ಮುಂದಾಳುಗಳು ಏಳುವುದು, ಹೊಸ ಉಪಾಯಗಳು ಹುಟ್ಟುವುದು, ಈ ಮೂರೂ ಒಂದೇ ಕಾಲದಲ್ಲಿ ಕೂಡಿಬಂದಾಗ ಅದನ್ನು ನಾವು ಕ್ರಾಂತಿಯ ಕಾಲವೆನ್ನುತ್ತೇವೆ. ಹಾಗಿದ್ದರೆ, ಓದುಗರೇ, ಅಂತಹ ಕಾಲವೊಂದು ನಮ್ಮ ವಿಜಯಪುರದಲ್ಲೇ ಆಗಿಹೋಯಿತಲ್ಲವೆ? ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಅದರ ಗುಮ್ಮಟವನ್ನು ನೋಡಿ ಬೆರಗಾಗುತ್ತೇವೆಯೇ ಹೊರತು ಅದರ ಪಾಠವನ್ನು ಓದುವುದಿಲ್ಲ.

1490ರಲ್ಲಿ, ಬಹಮನಿ ರಾಜ್ಯ ಒಡೆದು ಹೋಳಾಗುತ್ತಿದ್ದಾಗ, ಯೂಸುಫ್ ಆದಿಲ್ ಖಾನನು ವಿಜಯಪುರದಲ್ಲಿ ಸ್ವತಂತ್ರನಾದನು. ಅಲ್ಲಿಂದ 1686ರವರೆಗೆ ಒಂಬತ್ತು ಮಂದಿ ಅರಸರು ಆಳಿದರು. ಈ ಎರಡು ಶತಮಾನಗಳಲ್ಲಿ ಶಾಂತಿಯ ದಿನಗಳು ವಿರಳ. 1510ರಲ್ಲಿ ಗೋವೆ ಪೋರ್ತುಗೀಜರ ಪಾಲಾಯಿತು. 1534ರಲ್ಲಿ ಪಟ್ಟವೇರಿದ ಮಲ್ಲೂ ಆದಿಲಶಹನು ಕೆಲವೇ ತಿಂಗಳಲ್ಲಿ ಪಟ್ಟವನ್ನೂ ಕಣ್ಣನ್ನೂ ಕಳೆದುಕೊಂಡನು. ಆಸ್ಥಾನದಲ್ಲಿ ಕಡಲಾಚೆಯಿಂದ ಬಂದ ಸರದಾರರದೊಂದು ಪಂಗಡ, ದಖನಿ ಸರದಾರರದೊಂದು ಪಂಗಡ. ಒಂದು ಮೇಲಾದರೆ ಇನ್ನೊಂದಕ್ಕೆ ಕೇಡು. ಮೊದಲನೆಯ ಇಬ್ರಾಹಿಮನು ಪರದೇಶದ ಸರದಾರರಲ್ಲಿ ಬಹುಮಂದಿಯನ್ನು ಕೆಲಸದಿಂದ ಬಿಡಿಸಿ, ಸರಕಾರಿ ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲಿಗೆ ದೇಶಭಾಷೆಯನ್ನು ತಂದನು. ಒಂದು ಕಾಗದದ ಭಾಷೆ ಬದಲಾದರೆ ಎಷ್ಟು ಮನೆಗಳ ಒಲೆ ಆರುತ್ತದೆ, ಎಷ್ಟು ಮನೆಗಳಲ್ಲಿ ಹೊತ್ತುತ್ತದೆ ಎಂಬುದನ್ನು ಕಛೇರಿಯ ನೆರಳಿನಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ.

ಇಂತಹ ಕಲಹದ ನಡುವೆ ಎರಡು ಕುಶಲತೆಗಳು ನಮ್ಮ ನೆಲಕ್ಕೆ ಬಂದು ಬೇರೂರಿದವು. ಒಂದು ಬೆಂಕಿಯದು, ಇನ್ನೊಂದು ನೀರಿನದು. ಒಂದರ ಗುರುತು ತೋಪು, ಇನ್ನೊಂದರ ಗುರುತು ತೂಬು. ಇವೆರಡರ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ತೋಪು. ಕೋಟೆಯ ಪಡುವಣ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನವನ್ನು ಕಾಣದ ಪ್ರವಾಸಿಯಿಲ್ಲ. ಮುಲ್ಕ ಮೈದಾನ ತೋಪೆಂದು ನಮ್ಮ ಜನ ಕರೆಯುವ ಇದು ವಿಜಯಪುರದ ಕೂಸಲ್ಲ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ರೂಮಿ ಎಂಬ ಎರಕಗಾರನು ಇದನ್ನು ಎರೆದನು. ತುರ್ಕರ ನಾಡಿನಿಂದ ಬಂದವರನ್ನು ಆಗ ರೂಮಿ ಎನ್ನುತ್ತಿದ್ದರು. ಉದ್ದ ಸುಮಾರು ನಾಲ್ಕೂವರೆ ಮೀಟರು, ತೂಕ ಸುಮಾರು 55 ಟನ್ನು. ತಾಮ್ರ ಮತ್ತು ತವರವನ್ನು ಬೆರೆಸಿ ಎರೆದ ಕಂಚು; ಬೆರಳಿನಿಂದ ಬಡಿದರೆ ಗುಡಿಯ ಗಂಟೆಯಂತೆ ದನಿಗೊಡುತ್ತದೆ. ಅದರ ಬಾಯಿಗೆ ಆನೆಯನ್ನು ನುಂಗುತ್ತಿರುವ ಸಿಂಹಮುಖವನ್ನು ಕಂಡರಿಸಿದ್ದಾರೆ. ಹಳೆಯ ಗಜಬಲದ ಕಾಲ ಮುಗಿಯಿತು, ಮದ್ದುಗುಂಡಿನ ಕಾಲ ಬಂದಿತೆಂದು ಆ ಎರಕಗಾರನು ಲೋಹದಲ್ಲೇ ಬರೆದಿಟ್ಟಂತಿದೆ.

ಆ ಮಾತು 1565ರ ಜನವರಿಯಲ್ಲಿ ನಿಜವಾಯಿತು. ಕೃಷ್ಣೆಯ ದಡದ ರಕ್ಕಸಗಿ ತಂಗಡಗಿಗಳ ಬಳಿ ವಿಜಯನಗರದ ಅಳಿಯ ರಾಮರಾಯನಿಗೂ ದಖನಿನ ಸುಲ್ತಾನರ ಕೂಟಕ್ಕೂ ಯುದ್ಧವಾಯಿತು. ಸುಲ್ತಾನರ ಪಾಳೆಯ ಬಿಟ್ಟಿದ್ದ ಊರಿನಿಂದ ಇದಕ್ಕೆ ತಾಳಿಕೋಟೆಯ ಕಾಳಗವೆಂಬ ಹೆಸರು. ಹೊರಗಿನವರು ಕೆಲವರು ಇದನ್ನು ನಮ್ಮ ತಿಕೋಟವೆಂದು ತಿಳಿದು ದಾರಿ ಕೇಳುವುದುಂಟು. ತಿಕೋಟವು ವಿಜಯಪುರದ ಪಡುವಣಕ್ಕೆ ಅಥಣಿಯ ದಾರಿಯಲ್ಲಿದೆ. ತಾಳಿಕೋಟೆ ದೂರದ ಮೂಡಣ ದಿಕ್ಕಿಗೆ. ವಿಜಯಪುರದಲ್ಲೇ ಕುಳಿತು ಇತಿಹಾಸ ಬರೆದ ಫೆರಿಸ್ತಾ ಹೇಳುವಂತೆ, ಅಹಮದನಗರದ ತೋಪಿನ ಸರದಾರ ರೂಮಿ ಖಾನನು ಅಂದು ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದನಂತೆ. ಕೆಲವು ಗಳಿಗೆಗಳಲ್ಲಿ ಒಂದು ಮಹಾಸಾಮ್ರಾಜ್ಯದ ಹಣೆಬರಹ ತಿರುಗಿತು.

ಗೆದ್ದ ಅಲಿ ಆದಿಲಶಹನು ಊರಿಗೆ ಸುಮಾರು ಹತ್ತು ಕಿಲೋಮೀಟರು ಸುತ್ತಳತೆಯ ಕೋಟೆಯನ್ನು ಕಟ್ಟಿಸಿದನು. 1580ರಲ್ಲಿ ಅವನು ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನು ಇನ್ನೂ ಬಾಲಕ. ರಾಜ್ಯದ ಭಾರ ಬಿದ್ದದ್ದು ಅಲಿಯ ವಿಧವೆ ಚಾಂದಬೀಬಿಯ ಮೇಲೆ. ಅಧಿಕಾರ ಹಿಡಿಯಲು ಒಬ್ಬರ ಮೇಲೊಬ್ಬರು ಹೂಡಿದ ಸರದಾರರ ಒಳಸಂಚುಗಳನ್ನು ಆಕೆ ಎದುರಿಸಿದಳು. ಒಮ್ಮೆ ಸಾತಾರೆಯ ಕೋಟೆಯಲ್ಲಿ ಸೆರೆಯಲ್ಲಿಯೂ ಇದ್ದಳು. ಮುಂದೆ ತವರಾದ ಅಹಮದನಗರಕ್ಕೆ ಹೋಗಿ ಮೊಗಲರ ಮುತ್ತಿಗೆಗೆ ಎದೆಗೊಟ್ಟಳು. ಇತ್ತ 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಉಪ್ಪಲಿ ಬುರುಜಿನ ಮೇಲೆ ಕಬ್ಬಿಣದ ಪಟ್ಟಿಗಳನ್ನು ಕಾಸಿ ಬೆಸೆದ ಒಂಬತ್ತು ಮೀಟರಿನ ತೋಪು ಏರಿತು. 1632ರಲ್ಲಿ ಪರಂಡಾ ಕೋಟೆಯಿಂದ ಮಲಿಕ್-ಎ-ಮೈದಾನವನ್ನು ಗೆಲುವಿನ ಗುರುತಾಗಿ ಎಳೆದು ತಂದರು. ತೋಪಿನ ಮಾತು ಇಷ್ಟು ಸಾಕು. ಅದರ ಕೀರ್ತಿಯನ್ನು ಹಾಡುವವರು ಬೇಕಾದಷ್ಟಿದ್ದಾರೆ.

ಇನ್ನು ತೂಬಿನ ಮಾತು. ವಿಜಯಪುರಕ್ಕೆ ಹೊಳೆಯಿಲ್ಲ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು, ಅದೂ ನಂಬಿಕೆಯದಲ್ಲ. ನೆಲದ ಕೆಳಗೆ ಕರಿಗಲ್ಲು. ಇಂತಹ ಕಡೆ ಒಂದು ರಾಜಧಾನಿ, ಅದರ ಕುದುರೆ ಆನೆಗಳು, ತೋಟಗಳು, ಕಾರಂಜಿಗಳು ಹೇಗೆ ಬದುಕಿದವೆಂದು ಯಾರಾದರೂ ಯೋಚಿಸಿದ್ದೀರಾ?

ಊರಿನಿಂದ ತಿಕೋಟದ ದಾರಿ ಹಿಡಿದರೆ ಮೊದಲು ಸಿಗುವುದು ತೊರವಿ. ಕನ್ನಡ ಓದಿದವರಿಗೆ ಈ ಹೆಸರು ಕಿವಿಗಿಂಪು. ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿಯು ತೊರವೆ ರಾಮಾಯಣವನ್ನು ರಚಿಸಿದನು. ಇದೇ ತೊರವಿಯ ಎತ್ತರದ ನೆಲದಲ್ಲಿ ಆದಿಲಶಾಹಿಯ ನೀರುಬಲ್ಲವರು ಬಂಡೆಯನ್ನು ಕೊರೆದು ಸುರಂಗ ಮಾಡಿದರು. ನೆಲದೊಳಗೆ ಒಸರುವ ನೀರು ಸುರಂಗದಲ್ಲಿ ಕೂಡಿ, ಇಳಿಜಾರನ್ನೇ ನೆಚ್ಚಿ ಊರಿನ ಕಡೆಗೆ ಹರಿಯುತ್ತಿತ್ತು. ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಿದ್ದರು. ಒಳಗೆ ಗಾಳಿ ಬೆಳಕು ಹೋಗಲು ಅವೇ ಕಂಡಿ, ಹೂಳು ಎತ್ತಲು ಅವೇ ಬಾಗಿಲು. ಪಾರಸಿಕರ ನಾಡಿನಲ್ಲಿ ಇಂತಹ ಕಾಲುವೆಗೆ ಕರೇಜ್ ಎಂದು ಹೆಸರು. ಎತ್ತಿಲ್ಲ, ಕಪಿಲೆಯಿಲ್ಲ, ಚಕ್ರವಿಲ್ಲ; ನೀರಿನ ಭಾರವೇ ನೀರಿಗೆ ಎತ್ತು.

1599ರಲ್ಲಿ ಇಬ್ರಾಹಿಮನು ತೊರವಿಯ ಬಳಿ ನವರಸಪುರವೆಂಬ ಹೊಸ ಪಟ್ಟಣವನ್ನು ತೊಡಗಿಸಿದನು. ಸಂಗೀತಪ್ರಿಯನಾದ ಅರಸನಿಗೆ ಒಂಬತ್ತು ರಸಗಳ ಹೆಸರಿನ ಊರು ಬೇಕಾಗಿತ್ತು. ಆದರೆ 1624ರಲ್ಲಿ ಭಾತವಡಿಯ ಯುದ್ಧವನ್ನು ಗೆದ್ದ ಮಲಿಕ್ ಅಂಬರನು ಬಂದು ಅದನ್ನು ಹಾಳುಗೆಡವಿದನು. ಊರು ಹೋಯಿತು, ಸುರಂಗ ಉಳಿಯಿತು. ಕಾಳಗ ನೆಲದ ಮೇಲಿನದನ್ನು ಕೆಡವುತ್ತದೆ. ನೆಲದೊಳಗಿನದನ್ನು ಕೆಡಿಸುವುದು ಮರೆವು. ಇದನ್ನು ಮುಂದೆ ನೋಡೋಣ.

1651ರಲ್ಲಿ ಮಹಮ್ಮದ್ ಆದಿಲಶಹನ ಕಾಲದಲ್ಲಿ ಊರಿನ ತೆಂಕಣಕ್ಕೆ ಬೇಗಂ ತಾಲಾಬ್ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರೊಳಗೆ ತಂದರು. ದಾರಿಯಲ್ಲಿ ಅಲ್ಲಲ್ಲಿ ನಿಂತಿರುವ ಚೌಕನೆಯ ಕಲ್ಲಿನ ಗೋಪುರಗಳನ್ನು ತಾವು ಕಂಡಿರಬಹುದು. ಅವುಗಳಿಗೆ ಗಂಜ್ ಎಂದು ಹೆಸರು. ಏಳೆಂಟು ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಎತ್ತರ. ಕೊಳವೆಯ ನೀರು ಒಳಗೆ ಮೇಲೇರಿ ನಿಂತು, ತನ್ನ ರಭಸವನ್ನು ಅಲ್ಲಿ ಕಳೆದುಕೊಂಡು, ಕಸ ಮಣ್ಣನ್ನು ತಳದಲ್ಲಿ ಬಿಟ್ಟು, ತಿಳಿಯಾಗಿ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಈ ಗಂಜ್‌ಗಳಿಲ್ಲದಿದ್ದರೆ ಮಣ್ಣಿನ ಕೊಳವೆಗಳು ನೀರಿನ ಒತ್ತಡಕ್ಕೆ ಸೀಳಿಹೋಗುತ್ತಿದ್ದವು. ಊರೊಳಗೆ ಚಾಂದ್ ಬಾವಡಿ, ತಾಜ್ ಬಾವಡಿ ಮೊದಲಾದ ದೊಡ್ಡ ಬಾವಿಗಳಿದ್ದವು. 1620ರ ತಾಜ್ ಬಾವಡಿಯ ಕಮಾನಿನ ಕೆಳಗೆ ನಿಂತರೆ ಅದು ಬಾವಿಯೋ ಅರಮನೆಯೋ ಎಂಬ ಭ್ರಮೆಯಾಗುತ್ತದೆ.

ಈ ಕಾಳಜಿ ರಾಜಧಾನಿಗೇ ನಿಲ್ಲಲಿಲ್ಲ. ಬಬಲೇಶ್ವರದ ಸೀಮೆಯ ಮಮದಾಪುರದಲ್ಲಿ ಇದೇ ಮಹಮ್ಮದನು 1633ರ ಸುಮಾರಿಗೆ ಎರಡು ಕೆರೆಗಳನ್ನು ಕಟ್ಟಿಸಿದನು. ಊರಿನ ಹೆಸರಿನಲ್ಲೇ ಅವನ ಹೆಸರಿದೆ. ಒಂದು ದೊಡ್ಡ ಕೆರೆ, ಒಂದು ಚಿಕ್ಕ ಕೆರೆ. ಗೋಳಗುಮ್ಮಟವನ್ನು ತನ್ನ ಗೋರಿಗೆಂದು ಕಟ್ಟಿಸಿದ ಅರಸನೂ, ಒಕ್ಕಲಿಗನ ಹೊಲಕ್ಕೆಂದು ಮಮದಾಪುರದ ಏರಿಯನ್ನು ಹಾಕಿಸಿದ ಅರಸನೂ ಒಬ್ಬನೇ. ಗುಮ್ಮಟ ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಏರಿಯನ್ನು ನೋಡಲು ದನ ಕಾಯುವ ಹುಡುಗರು ಬರುತ್ತಾರೆ.

ಕಡೆಗೆ 1685ರಲ್ಲಿ ಔರಂಗಜೇಬನ ಸೈನ್ಯ ಕೋಟೆಯನ್ನು ಮುತ್ತಿತು. ಹದಿನೈದು ತಿಂಗಳಿಗೂ ಮೇಲೆ ಮುತ್ತಿಗೆ ನಡೆಯಿತು. 1686ರ ಸೆಪ್ಟೆಂಬರಿನಲ್ಲಿ ಯುವಕನಾದ ಸಿಕಂದರ್ ಆದಿಲಶಹನು ಶರಣಾದನು. ತೋಪುಗಳು ಬುರುಜಿನ ಮೇಲೆಯೇ ಇದ್ದವು. ಕೋಟೆಯ ಗೋಡೆಯೂ ಗಟ್ಟಿಯಾಗಿತ್ತು. ಇಲ್ಲದ್ದು ಒಂದೇ, ಒಮ್ಮನಸ್ಸಿನ ಮುಂದಾಳುತನ. ಸಿಕಂದರನು ಶಿಶುವಾಗಿ ಪಟ್ಟವೇರಿದಂದಿನಿಂದ ಸರದಾರರು ಒಬ್ಬರನ್ನೊಬ್ಬರು ತಿನ್ನುವುದರಲ್ಲೇ ಕಾಲ ಕಳೆದಿದ್ದರು. ಗೆದ್ದ ಬಾದಶಹನು ತನ್ನ ವಿಜಯವನ್ನು ಮಲಿಕ್-ಎ-ಮೈದಾನದ ಮೇಲೆಯೇ ಕೊರೆಯಿಸಿದನು. ಯಾರು ಗೆದ್ದರೆ ಅವರ ಹೆಸರು ಹೊತ್ತುಕೊಳ್ಳುವುದೇ ತೋಪಿನ ನಿಯತ್ತು.

ಆಮೇಲಿನದು ಇಳಿಗಾಲ. ಮೊಗಲರು, ನಿಜಾಮರು, 1760ರಿಂದ ಪೇಶವೆಗಳು. ಕೈಯಿಂದ ಕೈಗೆ ಊರು ಹೋಯಿತು. ಯಾರಿಗೂ ಅದು ಮನೆಯಾಗಲಿಲ್ಲ. ಕಂದಾಯ ಎತ್ತುವವರಿದ್ದರು, ಹೂಳು ಎತ್ತುವವರಿರಲಿಲ್ಲ. ಕೊಳವೆಗಳು ಕಟ್ಟಿಕೊಂಡವು, ಗಂಜ್‌ಗಳು ಒಣಗಿದವು, ಸುರಂಗದ ಕಂಡಿಗಳಲ್ಲಿ ಕಸ ತುಂಬಿತು.

ಈಗ ಮೊದಲು ಹೇಳಿದ ಪಾಠದ ಕ್ರಾಂತಿಯುಗಕ್ಕೆ ಬನ್ನಿ. ಪ್ಯಾರಿಸಿನಲ್ಲಿ ಜನ ಅರಸನ ಅಧಿಕಾರವನ್ನೇ ಪ್ರಶ್ನಿಸುತ್ತಿದ್ದಾಗ, ಇಂಗ್ಲೆಂಡಿನಲ್ಲಿ ವಾಟನ ಯಂತ್ರ ಗಿರಣಿಗಳನ್ನು ತಿರುಗಿಸತೊಡಗಿದ್ದಾಗ, ಅದೇ 1791-92ರಲ್ಲಿ, ನಮ್ಮ ಸೀಮೆಯಲ್ಲಿ ಏನಾಗುತ್ತಿತ್ತು? ತಲೆಬುರುಡೆಯ ಬರ. ಸುಡಲು ಹೂಳಲು ಜನವಿಲ್ಲದೆ ಬಯಲೆಲ್ಲ ಬುರುಡೆಯಾದುದರಿಂದ ಆ ಹೆಸರು. ಮುಂದೆ 1876-78ರಲ್ಲಿ ಮತ್ತೊಂದು ಬರ. 1872ರಲ್ಲಿ ಎಂಟು ಲಕ್ಷಕ್ಕೂ ಮೇಲಿದ್ದ ಜಿಲ್ಲೆಯ ಜನಸಂಖ್ಯೆ 1881ರ ಖಾನೇಸುಮಾರಿಯಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಕೊಳವೆ ಕಟ್ಟಿಕೊಂಡದ್ದರಿಂದಲೇ ಬರ ಬಂತೆಂದು ನಾನು ಹೇಳುವುದಿಲ್ಲ. ಮಳೆ ತಪ್ಪಿತ್ತು, ಊರಿನ ಕೊಳವೆ ಹಳ್ಳಿಯ ಹೊಲಕ್ಕೆ ಹರಿಯುವುದೂ ಇಲ್ಲ. ಆದರೆ ನೀರನ್ನು ಕೂಡಿಡುವ ಬುದ್ಧಿ ಒಮ್ಮೆ ಇದ್ದ ನೆಲದಲ್ಲಿ ಆ ಬುದ್ಧಿಯನ್ನು ಕಾಪಾಡುವ ಆಳಿಕೆ ಇಲ್ಲವಾಗಿತ್ತೆಂಬುದು ಸುಳ್ಳಲ್ಲ.

ಇನ್ನೊಂದು ಸಂಗತಿ ಕೇಳಿ. 1854ರಲ್ಲಿ ಮಲಿಕ್-ಎ-ಮೈದಾನವನ್ನು ಹಳೆಯ ಲೋಹವೆಂದು ಹರಾಜು ಹಾಕಿದರು. ಬಂದ ಬೆಲೆ ನೂರೈವತ್ತು ರೂಪಾಯಿ! ಸದ್ಯ, ಮಾರಾಟ ರದ್ದಾಯಿತು, ತೋಪು ಉಳಿಯಿತು. ಅದನ್ನು ಉಳಿಸುವುದಕ್ಕಾದರೂ ಯಾರೋ ಒಬ್ಬರಿಗೆ ಮನಸ್ಸು ಬಂತು. ಗಂಜ್‌ಗಳನ್ನು ಹರಾಜು ಹಾಕುವವರೂ ಇರಲಿಲ್ಲ, ಉಳಿಸುವವರೂ ಇರಲಿಲ್ಲ.

ಕಾಲ ಈಗ ಮತ್ತೆ ಹೊರಳಿದೆ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ತಿಕೋಟ, ಬಬಲೇಶ್ವರಗಳು ತಾಲೂಕುಗಳಾಗಿವೆ. ಕೃಷ್ಣೆಯ ನೀರನ್ನು ವಿದ್ಯುತ್ತಿನ ಬಲದಿಂದ ಮೇಲೆತ್ತಿ ಈ ಸೀಮೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ತಾಜ್ ಬಾವಡಿಯ ಹೂಳನ್ನೂ ತೆಗೆದಿದ್ದಾರೆ. ಸಂತೋಷ. ಹಿಂದೆ ನೀರಿನ ಭಾರವೇ ಎತ್ತಾಗಿತ್ತು, ಇಂದು ಯಂತ್ರ ಎತ್ತಾಗಿದೆ. ಆದರೆ ಯಾವ ಎತ್ತನ್ನಾದರೂ ಕಟ್ಟಿ ಸಾಕಬೇಕು. ಏರಿ ಬಿರಿದರೆ, ತೂಬು ಕೆಟ್ಟರೆ, ಹೂಳು ತುಂಬಿದರೆ, ಮೇಲೆತ್ತಿ ತಂದ ಕೃಷ್ಣೆಯೂ ನಿಲ್ಲುವುದಿಲ್ಲ. ಹೊಸದನ್ನು ಕಂಡುಹಿಡಿದವನಿಗೆ ಹಾರ ಹಾಕುತ್ತೇವೆ; ಕಂಡುಹಿಡಿದುದನ್ನು ವರ್ಷವರ್ಷವೂ ತೊಳೆದು ಬಳಿದು ಇಟ್ಟವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ನನ್ನ ಮಟ್ಟಿಗೆ ಮುಂದಾಳುತನದ ನಿಜವಾದ ಒರೆಗಲ್ಲು ಈ ಎರಡನೆಯದೇ.

ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳನ್ನು ಬುರುಜಿನ ಮೇಲೆ ಕರೆದುಕೊಂಡು ಹೋಗುತ್ತೇನೆ. ಅವರು ತೋಪಿನ ಮೇಲೆ ಕೈಯಾಡಿಸುತ್ತಾರೆ, ಬೆರಳಿನಿಂದ ಬಡಿದು ದನಿ ಕೇಳುತ್ತಾರೆ, ಒಳಗೆ ತಲೆ ಹಾಕಿ ಕೂಗುತ್ತಾರೆ. ಬೇಡವೆನ್ನುವುದಿಲ್ಲ. ಹಿಂದಿರುಗುವಾಗ ಮಾತ್ರ ಒಂದು ಗಂಜ್‌ನ ಬಳಿ ಅವರನ್ನು ನಿಲ್ಲಿಸುತ್ತೇನೆ. ಅಲ್ಲಿ ಸದ್ದಿಲ್ಲ, ಸಿಂಹದ ಬಾಯಿಲ್ಲ, ಕೊರೆದ ಹೆಸರೂ ಇಲ್ಲ. ಇದು ಏನು ಮಾಡುತ್ತಿತ್ತು, ಹೇಳಿ ನೋಡೋಣ ಎಂದು ಕೇಳುತ್ತೇನೆ. ತಾವೂ ಮುಂದೆ ವಿಜಯಪುರಕ್ಕೆ ಬಂದಾಗ, ಗುಮ್ಮಟವನ್ನೂ ತೋಪನ್ನೂ ನೋಡಿಯಾದ ಮೇಲೆ, ಅರ್ಧ ಗಳಿಗೆ ಉಳಿಸಿಕೊಂಡು ಅಲ್ಲಿ ನಿಲ್ಲಬೇಕೆಂದು ನನ್ನ ವಿನಂತಿ.